ಮಂಗಳದ ಗಿರಿ, ಕೊಡಗಿನ ಬರೆ

ಬೆಟ್ಟದ ನಾಡಿನಲ್ಲಿ ಹುಟ್ಟಿ ಬೆಳೆದವರು ಬೆಟ್ಟವನ್ನು ಪೂರ್ತಿಯಾಗಿ ಕಾಣುವುದು ಅಪರೂಪ. ಈ ಮಾತು ವಿಚಿತ್ರವೆನಿಸಬಹುದು. ಆದರೆ ಕೊಡಗಿನಲ್ಲಿ ಕೆಲವು ಕಾಲ ಬಾಳಿದವರಿಗೆ ಇದರ ಅರ್ಥ ತಾನಾಗಿಯೇ ತಿಳಿಯುತ್ತದೆ. ಇಲ್ಲಿ ಮನೆಯಿರುವುದು ಬೆಟ್ಟದ ಮಗ್ಗುಲಿನಲ್ಲಿ; ಗದ್ದೆಯಿರುವುದು ಅದರ ಪಾದದಲ್ಲಿ; ಕಾಫಿಯ ತೋಟ ಹಬ್ಬಿರುವುದು ಅದರ ಇಳಿಜಾರಿನ ಮೇಲೆ. ನಡೆಯುವ ದಾರಿ ಒಂದು ತಿರುವಿನಿಂದ ಮುಂದಿನ ತಿರುವಿನವರೆಗೆ ಮಾತ್ರ ಕಣ್ಣಿಗೆ ಬೀಳುತ್ತದೆ. ಅದರಾಚೆಗೆ ಮರಗಳು, ಮರಗಳಾಚೆಗೆ ಮಂಜು. ಮಂಜು ಕರಗಿತೆನ್ನುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಆನೆಯ ಬೆನ್ನಿನ ಮೇಲೆ ಹರಿದಾಡುವ ಇರುವೆಗೆ ಆನೆಯ ಆಕಾರ ತಿಳಿಯುವುದೆಂತು? ನಮ್ಮ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಬೆಟ್ಟದ ಮಣ್ಣು, ಕಲ್ಲು, ತೊರೆ, ಜಿಗಣೆ ಎಲ್ಲವೂ ನಮಗೆ ಪರಿಚಿತ. ಅದರ ಆಕಾರ ಮಾತ್ರ ಅಪರಿಚಿತ.

ಆಕಾರವನ್ನು ಅರಿಯಬೇಕಾದರೆ ದೂರ ಸರಿದು ನೋಡಬೇಕು. ಮಡಿಕೇರಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಬಹುಕಾಲ ವಿಜ್ಞಾನವನ್ನು ಬೋಧಿಸಿದ ನನಗೆ ಈ ಪಾಠ ಮನವರಿಕೆಯಾದದ್ದು ಕೋಟ್ಯಂತರ ಕಿಲೋಮೀಟರ್ ದೂರದ ಮಂಗಳಗ್ರಹದ ಚಿತ್ರಗಳಿಂದ. 2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಹೊರಟ ನಮ್ಮ ಮಂಗಳಯಾನ ನೌಕೆಯು 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳನ ಕಕ್ಷೆಯನ್ನು ಸೇರಿತು. ಅಂದು ಮಂಗಳವು ಭೂಮಿಯಿಂದ ಸುಮಾರು 22 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಅಲ್ಲಿಂದ ಹೊರಟ ರೇಡಿಯೊ ಸಂಕೇತವು ಬೆಳಕಿನ ವೇಗದಲ್ಲಿ ಬಂದರೂ ನಮ್ಮನ್ನು ತಲುಪಲು 12 ನಿಮಿಷಗಳಿಗೂ ಹೆಚ್ಚು ಕಾಲ ಬೇಕಾಗಿತ್ತು. ಇಂತಹ ಕ್ಷೀಣ ಸಂಕೇತಗಳನ್ನು ಆಲಿಸಲು ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದಲ್ಲಿ 32 ಮೀಟರ್ ವ್ಯಾಸದ ಬೃಹತ್ ಆಂಟೆನಾ ಇದೆ. ನೌಕೆಯ ಬಣ್ಣದ ಕ್ಯಾಮೆರಾ ಸಿದ್ಧವಾದದ್ದು ಅಹಮದಾಬಾದಿನ ಕೇಂದ್ರದಲ್ಲಿ. ಆಗ ಅದರ ನಿರ್ದೇಶಕರಾಗಿದ್ದವರು ನಮ್ಮ ನೆರೆಯ ಹಾಸನ ಜಿಲ್ಲೆಯ ಎ. ಎಸ್. ಕಿರಣ್ ಕುಮಾರ್.

ಮಂಗಳಯಾನದ ಕಕ್ಷೆಯು ಬಹಳ ದೀರ್ಘವಾದ ಅಂಡಾಕಾರದ್ದು. ಒಂದು ಕೊನೆಯಲ್ಲಿ ನೌಕೆಯು ಮಂಗಳನಿಂದ ಸುಮಾರು 420 ಕಿಲೋಮೀಟರ್ ಎತ್ತರದಲ್ಲಿದ್ದರೆ, ಮತ್ತೊಂದು ಕೊನೆಯಲ್ಲಿ ಸುಮಾರು 77,000 ಕಿಲೋಮೀಟರ್ ದೂರಕ್ಕೆ ಸರಿಯುತ್ತಿತ್ತು. ಆದುದರಿಂದ ಹತ್ತಿರ ಬಂದಾಗ ಒಂದೊಂದು ಬೆಟ್ಟವನ್ನೂ, ದೂರ ಹೋದಾಗ ಇಡೀ ಗ್ರಹವನ್ನೂ ಅದೇ ಕ್ಯಾಮೆರಾ ಒಂದೇ ಚೌಕಟ್ಟಿನಲ್ಲಿ ಹಿಡಿಯಬಲ್ಲದ್ದಾಗಿತ್ತು. ಆರು ತಿಂಗಳು ಬಾಳಲೆಂದು ರೂಪಿಸಿದ್ದ ಆ ನೌಕೆಯು 2022ರವರೆಗೂ ಬಾಳಿ, ಅನಂತರ ಮೌನವಾಯಿತು.

ಆ ಚಿತ್ರಗಳಲ್ಲಿ ಕೆಲವನ್ನು ನಾನು ಒಂಬತ್ತನೆಯ ತರಗತಿಯ ಗೋಡೆಗೆ ಅಂಟಿಸಿದ್ದೆ. ಒಂದು ದಿನ ಶಾಲಾ ಅಭಿವೃದ್ಧಿ ಸಮಿತಿಯ ಸಭೆಗೆ ಬಂದಿದ್ದ ಹಿರಿಯರೊಬ್ಬರು ಅವುಗಳ ಮುಂದೆ ನಿಂತರು. ಮಡಿಕೇರಿಯ ಉತ್ತರಕ್ಕಿರುವ ಒಂದು ಹಳ್ಳಿಯಲ್ಲಿ ಅವರಿಗೆ ನಾಲ್ಕು ಎಕರೆ ಕಾಫಿಯ ತೋಟವಿತ್ತು. ನಾವೆಲ್ಲರೂ ಅವರನ್ನು 'ಅಜ್ಜ' ಎಂದೇ ಕರೆಯುತ್ತಿದ್ದೆವು. ಕನ್ನಡಕವನ್ನು ಏರಿಸಿಕೊಂಡು ಬಹಳ ಹೊತ್ತು ನೋಡಿದ ಅಜ್ಜ, "ಮೇಷ್ಟ್ರೇ, ಇಲ್ಲಿರುವ ಬೆಟ್ಟಗಳನ್ನೇ ನಾವಿನ್ನೂ ಹತ್ತಿ ಮುಗಿಸಿಲ್ಲ. ಆ ಲೋಕದ ಬೆಟ್ಟಗಳನ್ನು ಕಟ್ಟಿಕೊಂಡು ನಮಗೇನಾಗಬೇಕು?" ಎಂದು ಕೇಳಿದರು. ಅವರ ಧ್ವನಿಯಲ್ಲಿ ಕುಹಕವಿರಲಿಲ್ಲ. ದುಡಿದು ಬದುಕುವವನು ಕೇಳಲೇಬೇಕಾದ ಪ್ರಶ್ನೆ ಅದು. ಇಂತಹ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಸಾಲದು. ಅಜ್ಜನಿಗೆ ಅಂದು ಹೇಳಿದ್ದನ್ನೂ ಮುಂದೆ ನಡೆದುದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಮಂಗಳನ ಬೆಟ್ಟಗಳು ಮನುಷ್ಯನ ಕಣ್ಣಿಗೆ ಬಿದ್ದ ಬಗೆಯೇ ಒಂದು ಸೊಗಸಾದ ಕಥೆ. 1971ರ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ಮ್ಯಾರಿನರ್-9 ಎಂಬ ನೌಕೆಯು ಮಂಗಳನನ್ನು ಸುತ್ತತೊಡಗಿತು. ಭೂಮಿಯನ್ನುಳಿದು ಬೇರೊಂದು ಗ್ರಹದ ಕಕ್ಷೆಯನ್ನು ಸೇರಿದ ಮೊದಲ ನೌಕೆ ಅದು. ಆದರೆ ಅದು ತಲುಪಿದಾಗ ಇಡೀ ಗ್ರಹವನ್ನು ಧೂಳಿನ ಬಿರುಗಾಳಿಯೊಂದು ಮುಚ್ಚಿತ್ತು. ಕ್ಯಾಮೆರಾ ತೆರೆದರೆ ಕಾಣುತ್ತಿದ್ದುದು ಮಬ್ಬು ಮಾತ್ರ. ಆ ಮಬ್ಬಿನಲ್ಲಿ ನಾಲ್ಕು ಕಪ್ಪು ಚುಕ್ಕೆಗಳು. ವಿಜ್ಞಾನಿಗಳು ತಾಳ್ಮೆಯಿಂದ ಕಾದರು. ವಾರಗಳು ಕಳೆದು ಧೂಳು ಮೆಲ್ಲಮೆಲ್ಲನೆ ಕೆಳಗಿಳಿದಾಗ ಆ ಚುಕ್ಕೆಗಳು ನಾಲ್ಕು ಮಹಾ ಜ್ವಾಲಾಮುಖಿಗಳ ನೆತ್ತಿಗಳೆಂದು ತಿಳಿಯಿತು. ಡಿಸೆಂಬರಿನ ಮುಂಜಾವಿನಲ್ಲಿ ಮಡಿಕೇರಿಯ ರಾಜಾಸೀಟಿನಲ್ಲಿ ನಿಂತವರಿಗೆ ಈ ನೋಟ ಹೊಸದೇನಲ್ಲ. ಕಣಿವೆಯನ್ನೆಲ್ಲ ತುಂಬಿಕೊಂಡ ಮಂಜಿನ ನಡುವೆ ಎತ್ತರದ ಬೆಟ್ಟಗಳ ತಲೆಗಳಷ್ಟೇ ದ್ವೀಪಗಳಂತೆ ತೇಲುತ್ತಿರುತ್ತವೆ. ಬಿಸಿಲೇರಿ ಮಂಜು ತಗ್ಗಿದಂತೆ ಬೆಟ್ಟದ ಹೆಗಲು, ಸೊಂಟ, ಪಾದಗಳು ಒಂದೊಂದಾಗಿ ಹೊರಬೀಳುತ್ತವೆ.

ಆ ನಾಲ್ಕರಲ್ಲಿ ಅತಿ ದೊಡ್ಡದಕ್ಕೆ ಒಲಿಂಪಸ್ ಮಾನ್ಸ್ ಎಂದು ಹೆಸರು. 'ಮಾನ್ಸ್' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಬೆಟ್ಟ. ಉಳಿದ ಮೂರು ಬೆಟ್ಟಗಳು ಆರ್ಸಿಯಾ, ಪಾವೊನಿಸ್ ಮತ್ತು ಆಸ್ಕ್ರೇಯಸ್. ಒಲಿಂಪಸ್ ಮಾನ್ಸಿನ ಎತ್ತರ ಸುಮಾರು 22 ಕಿಲೋಮೀಟರ್. ಎಂದರೆ ನಮ್ಮ ಎವರೆಸ್ಟಿನ ಎರಡೂವರೆ ಪಟ್ಟು. ಅದರ ಬುಡದ ಅಗಲ ಸುಮಾರು 600 ಕಿಲೋಮೀಟರ್. ಬೆಂಗಳೂರಿನಿಂದ ಬೀದರಿಗೆ ನೇರವಾಗಿ ಅಳೆದರೂ ಅಷ್ಟು ದೂರವಾಗದು. ಕರ್ನಾಟಕದ ಒಟ್ಟು ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಒಲಿಂಪಸ್ ಮಾನ್ಸ್ ಆಕ್ರಮಿಸಿರುವ ನೆಲ ಅದಕ್ಕಿಂತಲೂ ಬಹಳ ಹೆಚ್ಚು. ಅದರ ನೆತ್ತಿಯ ಮೇಲೆ, ಒಳಗಿನ ಲಾವಾರಸ ಬರಿದಾದ ಮೇಲೆ ಕುಸಿದು ಉಂಟಾದ ಒಂದು ಬಾಯಿ ಇದೆ. ಆ ಬಾಯಿ 80 ಕಿಲೋಮೀಟರ್ ಉದ್ದ, 60 ಕಿಲೋಮೀಟರ್ ಅಗಲ, ಸುಮಾರು 3 ಕಿಲೋಮೀಟರ್ ಆಳ. ಇಡೀ ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಆ ಬಾಯಿಯ ವಿಸ್ತೀರ್ಣವೂ ಹೆಚ್ಚುಕಡಿಮೆ ಅಷ್ಟೇ. ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳು ಸಮುದ್ರಮಟ್ಟದಿಂದ 1,748 ಮೀಟರ್ ಎತ್ತರವಿದೆ. ಅಷ್ಟೆತ್ತರದ ಬೆಟ್ಟವನ್ನು ಬುಡಸಹಿತ ಕಿತ್ತು ಆ ಬಾಯಿಯೊಳಗೆ ಇರಿಸಿದರೂ ಅದರ ತುದಿ ಅಂಚಿನ ಮೇಲೆ ಇಣುಕಿ ನೋಡಲಾರದು.

ಇಷ್ಟು ಹೇಳಿದಾಗ ಅಜ್ಜ, "ಹಾಗಾದರೆ ಅದನ್ನು ಹತ್ತುವುದು ಯಾರಿಂದಾದೀತು?" ಎಂದರು. ಆಶ್ಚರ್ಯವೆಂದರೆ, ಅದನ್ನು ಹತ್ತುವುದು ತಡಿಯಂಡಮೋಳನ್ನು ಹತ್ತುವುದಕ್ಕಿಂತ ಸುಲಭವಾದೀತು. ಅದರ ಇಳಿಜಾರು ಸರಾಸರಿ 5 ಡಿಗ್ರಿಯಷ್ಟು ಮಾತ್ರ. ಲಾವಾರಸವು ತೆಳ್ಳಗಿದ್ದರೆ ದೋಸೆಯ ಹಿಟ್ಟಿನಂತೆ ದೂರದೂರಕ್ಕೆ ಹರಡಿಕೊಳ್ಳುತ್ತದೆ. ಗಟ್ಟಿಯಾಗಿದ್ದರೆ ಕಡುಬಿನ ಹಿಟ್ಟಿನಂತೆ ಇದ್ದಲ್ಲಿಯೇ ಗುಪ್ಪೆಯಾಗುತ್ತದೆ. ಒಲಿಂಪಸ್ ಮಾನ್ಸ್ ತೆಳ್ಳಗಿನ ಲಾವಾರಸವು ಪದರದ ಮೇಲೆ ಪದರವಾಗಿ ಕೋಟ್ಯಂತರ ವರ್ಷ ಹರಿದು ಕಟ್ಟಿದ ಬೆಟ್ಟ. ನೆಲಕ್ಕೆ ಕವುಚಿಟ್ಟ ಗುರಾಣಿಯಂತಹ ಅದರ ರೂಪವೇ ಈ ಸಂಗತಿಯನ್ನು ಹೇಳುತ್ತದೆ. ಅದರ ವಯಸ್ಸನ್ನೂ ಮೇಲಿನಿಂದಲೇ ಓದಬಹುದು. ಸಾರಿಸಿದ ಅಂಗಳದ ಮೇಲೆ ಮಳೆಯ ಹನಿಗಳ ಗುರುತು ನಾಲ್ಕಾರು ಮಾತ್ರ ಇದ್ದರೆ ಅದನ್ನು ಈಗತಾನೆ ಸಾರಿಸಿದ್ದಾರೆಂದೂ, ಮೈಯೆಲ್ಲ ಗುರುತಿದ್ದರೆ ಸಾರಿಸಿ ಬಹಳ ಹೊತ್ತಾಯಿತೆಂದೂ ನಾವು ತಿಳಿಯುವುದಿಲ್ಲವೆ? ಅಂತೆಯೇ ಉಲ್ಕೆಗಳು ಬಿದ್ದು ಆದ ಕುಳಿಗಳನ್ನು ಎಣಿಸಿ, ಯಾವ ನೆಲ ಹಳೆಯದು, ಯಾವ ಲಾವಾ ಈಚಿನದು ಎಂದು ವಿಜ್ಞಾನಿಗಳು ನಿರ್ಣಯಿಸುತ್ತಾರೆ. ಹೀಗೆ ಆಕಾರವನ್ನು ನೋಡಿ ಚರಿತ್ರೆಯನ್ನು ತಿಳಿಯುವುದೇ ಭೂರೂಪಗಳ ಅಧ್ಯಯನದ ತಿರುಳು.

ಮಂಗಳವು ಭೂಮಿಗಿಂತ ಚಿಕ್ಕ ಗ್ರಹ. ಚಿಕ್ಕ ಗ್ರಹದಲ್ಲಿ ಇಷ್ಟು ದೊಡ್ಡ ಬೆಟ್ಟ ಹೇಗೆ ಬಂದಿತು? ಇದಕ್ಕೆ ಎರಡು ಕಾರಣಗಳನ್ನು ಹೇಳುತ್ತಾರೆ. ಅಲ್ಲಿಯ ಗುರುತ್ವ ನಮ್ಮದರ ಎಂಟನೆಯ ಮೂರು ಭಾಗದಷ್ಟು; ಆದುದರಿಂದ ಬೆಟ್ಟವು ತನ್ನ ಭಾರಕ್ಕೆ ತಾನೇ ಕುಗ್ಗುವುದು ಕಡಿಮೆ. ಇನ್ನೂ ಮುಖ್ಯವಾದ ಕಾರಣವೆಂದರೆ, ಮಂಗಳನ ಹೊರಚಿಪ್ಪು ಭೂಮಿಯದರಂತೆ ಫಲಕಗಳಾಗಿ ಒಡೆದು ಚಲಿಸುವುದಿಲ್ಲ. ಹಿಂದೆ ನಮ್ಮ ಮನೆಗಳಲ್ಲಿ ಉರಿಯುವ ದೀಪದ ಮೇಲೆ ತಟ್ಟೆಯನ್ನು ಹಿಡಿದು ಕಾಡಿಗೆ ಮಾಡುತ್ತಿದ್ದರು. ತಟ್ಟೆಯನ್ನು ಕದಲಿಸದಿದ್ದರೆ ಒಂದೇ ಜಾಗದಲ್ಲಿ ಮಸಿ ದಪ್ಪವಾಗಿ ಕೂಡುತ್ತದೆ. ಮೆಲ್ಲಗೆ ಸರಿಸುತ್ತ ಹೋದರೆ ಉದ್ದವಾದ ತೆಳ್ಳಗಿನ ಗೆರೆ ಮೂಡುತ್ತದೆ. ಮಂಗಳನದು ಕದಲದ ತಟ್ಟೆ; ಭೂಮಿಯದು ಸರಿಯುತ್ತಿರುವ ತಟ್ಟೆ.

ನಮ್ಮ ದೇಶವೇ ಅಂತಹ ಸರಿಯುವ ತಟ್ಟೆಯ ಮೇಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತವು ಭೂಗರ್ಭದ ಒಂದು ಬಿಸಿ ನೆಲೆಯ ಮೇಲಿದ್ದಾಗ ಅಪಾರ ಲಾವಾ ಹರಿದು ದಖನ್ನಿನ ಪ್ರಸ್ಥಭೂಮಿಯನ್ನು ಕಟ್ಟಿತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಗಳ ಕಪ್ಪು ಕಲ್ಲಿನ ಪದರಗಳು ಅದರ ಗುರುತು. ದೇಶವು ಉತ್ತರಕ್ಕೆ ಸರಿದಂತೆ ಆ ದೀಪದ ಮಸಿಯ ಗೆರೆ ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ತಳದಲ್ಲಿ ಸಮುದ್ರದೊಳಗೆ ಸಾಗಿ, ಇಂದು ಆಗಾಗ ಬೆಂಕಿಯುಗುಳುವ ರಿಯೂನಿಯನ್ ದ್ವೀಪದವರೆಗೂ ಮುಟ್ಟಿದೆ. ಅದಕ್ಕೂ ಮೊದಲು, ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಭಾರತದಿಂದ ಮಡಗಾಸ್ಕರ್ ಬೇರ್ಪಟ್ಟಿತ್ತು. ಆ ಅಗಲಿಕೆಯ ಕಾಲದ ಲಾವಾ ತಣ್ಣಗಾಗಿ ನಿಂತ ಕಂಬಗಳನ್ನು ಮಲ್ಪೆಯ ಬಳಿಯ ಸೇಂಟ್ ಮೇರಿಸ್ ದ್ವೀಪಗಳಲ್ಲಿ ಇಂದಿಗೂ ನೋಡಬಹುದು.

ಕೊಡಗಿನಲ್ಲಿ ದಖನ್ನಿನ ಲಾವಾ ಇಲ್ಲ. ಇಲ್ಲಿಯ ಬಂಡೆಗಳು ಅದಕ್ಕಿಂತ ಎಷ್ಟೋ ಹಳೆಯವು. ಅವುಗಳಲ್ಲಿ ಅನೇಕ 300 ಕೋಟಿ ವರ್ಷಗಳಿಗೂ ಹಿಂದಿನವು. ಎರಡು ಪುರಾತನ ಭೂಖಂಡಗಳು ಒಂದಕ್ಕೊಂದು ಒತ್ತಿ, ಉಜ್ಜಿ, ಬೆಸೆದುಕೊಂಡ ಗಾಯದ ಪಟ್ಟಿಯೊಂದು ನಮ್ಮ ಜಿಲ್ಲೆಯ ಮೂಲಕ ಹಾದುಹೋಗುತ್ತದೆ. ಮಡಿಕೇರಿಯ ಹಳೆಯ ಆಂಗ್ಲ ರೂಪವನ್ನು ಹಿಡಿದು ಭೂವಿಜ್ಞಾನಿಗಳು ಅದನ್ನು 'ಮರ್ಕೆರಾ ಶಿಯರ್ ವಲಯ' ಎಂದು ಕರೆಯುತ್ತಾರೆ. ಮಡಗಾಸ್ಕರ್ ಕಳಚಿಕೊಂಡ ಮೇಲೆ ಎತ್ತರವಾಗಿ ಉಳಿದ ಪಶ್ಚಿಮದ ಅಂಚನ್ನು ಮಳೆ ಮತ್ತು ಹೊಳೆಗಳು ಕೊರೆದು ಇಂದಿನ ಘಟ್ಟವನ್ನಾಗಿ ಮಾಡಿದವು. ಈ ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ. ಆದುದರಿಂದಲೇ ತಲಕಾವೇರಿಯಲ್ಲಿ ಹುಟ್ಟುವ ಕಾವೇರಿಯು, ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಅರಬ್ಬಿ ಸಮುದ್ರಕ್ಕೆ ಬೆನ್ನು ತಿರುಗಿಸಿ, ಎಂಟುನೂರು ಕಿಲೋಮೀಟರಿನಷ್ಟು ನಡೆದು ಬಂಗಾಳಕೊಲ್ಲಿಯನ್ನು ಸೇರುತ್ತಾಳೆ. ನದಿಯ ದಿಕ್ಕು ಸಹ ನೆಲದ ಚರಿತ್ರೆಯೇ ಎಂಬುದನ್ನು ನಾವು ಇಲ್ಲಿ ಕಾಣುತ್ತೇವೆ.

ಈಗ ಮತ್ತೆ ಮಂಗಳಕ್ಕೆ ಹೋಗೋಣ. ಆರ್ಸಿಯಾ ಮೊದಲಾದ ಮೂರು ಜ್ವಾಲಾಮುಖಿಗಳು ನಿಂತಿರುವ ಪ್ರದೇಶವನ್ನು ಥಾರ್ಸಿಸ್ ಎನ್ನುತ್ತಾರೆ. ಒಲಿಂಪಸ್ ಮಾನ್ಸ್ ಇರುವುದು ಅದರ ಪಶ್ಚಿಮದ ಅಂಚಿನಲ್ಲಿ. ಒಳಗಿನ ಒತ್ತಡದಿಂದಲೂ ಮೇಲೆ ಸುರಿದ ಲಾವಾದಿಂದಲೂ ಥಾರ್ಸಿಸ್ ಪ್ರದೇಶವು ಒಂದು ಖಂಡದಷ್ಟು ವಿಶಾಲವಾದ ಉಬ್ಬಾಗಿ ಬೆಳೆಯಿತು. ಕೆಂಡದ ಮೇಲಿನ ಅಕ್ಕಿರೊಟ್ಟಿ ಉಬ್ಬಿದಾಗ ಅದರ ಮೈ ಬಿರಿಯುವುದನ್ನು ನೀವು ಕಂಡಿರಬಹುದು. ಹಾಗೆಯೇ ಆ ಉಬ್ಬಿನ ಪೂರ್ವಭಾಗದಲ್ಲಿ ಗ್ರಹದ ಚಿಪ್ಪು ಬಿರಿದು ವ್ಯಾಲಿಸ್ ಮ್ಯಾರಿನೆರಿಸ್ ಎಂಬ ಮಹಾ ಕಂದರಗಳ ಸಾಲು ಉಂಟಾಯಿತು. ಮ್ಯಾರಿನರ್ ನೌಕೆಯ ನೆನಪಿಗಾಗಿ ಇಟ್ಟ ಹೆಸರು ಅದು. ಅದರ ಉದ್ದ ಸುಮಾರು 4,000 ಕಿಲೋಮೀಟರ್; ನಮ್ಮ ದೇಶದ ಉತ್ತರ-ದಕ್ಷಿಣ ಉದ್ದವಾದರೋ 3,214 ಕಿಲೋಮೀಟರ್. ಕೆಲವೆಡೆ ಅದರ ಆಳ 7 ಕಿಲೋಮೀಟರಿನಷ್ಟಿದೆ.

ಈ ಕಂದರದ ಚಿತ್ರದಲ್ಲಿ ಅಜ್ಜನ ಬೆರಳು ಒಂದು ಕಡೆ ತಡೆದು ನಿಂತಿತು. ಗೋಡೆಯ ಮೇಲಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚು. ಅದರ ಕೆಳಗೆ ಬೀಸಣಿಗೆಯಂತೆ ಹರಡಿದ ಮಣ್ಣಿನ ರಾಶಿ. "ಇದು ಬರೆ ಕುಸಿದದ್ದಲ್ಲವೇ ಮೇಷ್ಟ್ರೇ?" ಎಂದು ಅವರೇ ಗುರುತಿಸಿದರು. ಹೌದು, ಅದು ಭೂಕುಸಿತವೇ. ವ್ಯಾಲಿಸ್ ಮ್ಯಾರಿನೆರಿಸ್‌ನ ಗೋಡೆಗಳಿಂದ ಜರಿದ ಮಣ್ಣುಕಲ್ಲುಗಳು ಹತ್ತಾರು ಕಿಲೋಮೀಟರ್ ದೂರದವರೆಗೆ ಹರಿದು ನಿಂತಿವೆ. ಅಲ್ಲಿ ಅವುಗಳನ್ನು ಮುಚ್ಚಲು ಕಾಡಿಲ್ಲ, ಅಳಿಸಲು ಮಳೆಯಿಲ್ಲ. ಹೀಗಾಗಿ ಬಹಳ ಹಿಂದೆ ನಡೆದ ಕುಸಿತವೂ ನಿನ್ನೆ ನಡೆದಂತೆ ಸ್ಪಷ್ಟವಾಗಿ ಕಾಣುತ್ತದೆ. ನಮ್ಮಲ್ಲಾದರೋ ಹತ್ತು ಮಳೆಗಾಲ ಕಳೆದರೆ ಗಾಯದ ಮೇಲೆ ಹಸಿರು ಮುಚ್ಚಿಕೊಳ್ಳುತ್ತದೆ. ಇಪ್ಪತ್ತು ಕಳೆದರೆ ಅದರ ಮೇಲೆ ಮನೆ ಏಳುತ್ತದೆ. ನೆಲಕ್ಕೆ ನೆನಪಿದ್ದರೂ ಜನರಿಗೆ ಮರೆತುಹೋಗುತ್ತದೆ.

2018ರ ಆಗಸ್ಟ್ ತಿಂಗಳ ಮಧ್ಯಭಾಗದಲ್ಲಿ ಕೊಡಗಿಗೆ ಆ ನೆನಪು ಭೀಕರವಾಗಿ ಮರಳಿತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಮುಂತಾದ ಕಡೆಗಳಲ್ಲಿ ಬೆಟ್ಟಗಳು ಜರಿದವು. ಹಲವರು ಪ್ರಾಣ ಕಳೆದುಕೊಂಡರು; ಸಾವಿರಾರು ಮಂದಿ ಮನೆ ಬಿಟ್ಟು ಪರಿಹಾರ ಕೇಂದ್ರಗಳನ್ನು ಸೇರಿದರು. ಇದರ ಕಾರಣವನ್ನು ಸರಳವಾಗಿ ಹೀಗೆ ಹೇಳಬಹುದು. ಇಲ್ಲಿಯ ಪುರಾತನ ಬಂಡೆಯ ಮೇಲ್ಭಾಗವು ಯುಗಯುಗಗಳ ಮಳೆಗೆ ಶಿಥಿಲವಾಗಿ ದಪ್ಪನೆಯ ಮಣ್ಣಾಗಿದೆ. ದಿನಗಟ್ಟಲೆ ಮಳೆ ಸುರಿದಾಗ ನೀರು ಆ ಮಣ್ಣಿನೊಳಗಿಳಿದು ಅದರ ಭಾರವನ್ನು ಹೆಚ್ಚಿಸುತ್ತದೆ. ಕಣಕಣಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ರಸ್ತೆಗಾಗಿ, ಮನೆಗಾಗಿ ಇಳಿಜಾರಿನ ಬುಡವನ್ನು ನೇರವಾಗಿ ಕಡಿದಿದ್ದರೆ ಮೇಲಿನ ಮಣ್ಣಿಗೆ ಆಸರೆಯೂ ಇರುವುದಿಲ್ಲ. ಆಗ ಬರೆ ಜರಿಯದೆ ಇನ್ನೇನಾದೀತು?

ಅಜ್ಜನ ಮನೆಯ ಹಿಂದೆ ಒಂದು ಒರತೆಯಿತ್ತು. ಎಂತಹ ಮಳೆಗೂ ಅದರ ನೀರು ಕನ್ನಡಿಯಂತೆ ತಿಳಿಯಾಗಿರುತ್ತಿತ್ತು. ಆ ಆಗಸ್ಟಿನ ಒಂದು ಮಧ್ಯಾಹ್ನ ಅದರಲ್ಲಿ ಕೆಂಪು ನೀರು ಬಂದಿತು. ಅಂಗಳದ ಮೇಲ್ಬದಿಯಲ್ಲಿ ಬೆರಳು ತೂರುವಷ್ಟು ಅಗಲದ ಬಿರುಕು ಕಾಣಿಸಿತು. ಅಜ್ಜ ಹೆಚ್ಚು ಯೋಚಿಸಲಿಲ್ಲ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಕೊಟ್ಟಿಗೆಯ ಎರಡು ಹಸುಗಳು, ಎಲ್ಲರನ್ನೂ ಹೊರಡಿಸಿಕೊಂಡು ಎದುರು ದಿಣ್ಣೆಯ ನೆಂಟರ ಮನೆಗೆ ಹೋದರು. ಅಂದು ರಾತ್ರಿ ಬರೆ ಕುಸಿದು ಮನೆಯೂ ಮುಕ್ಕಾಲು ಪಾಲು ತೋಟವೂ ಮಣ್ಣಿನಲ್ಲಿ ಅಡಗಿದವು. ತಂದೆಯ ಕಾಲದ ಕಾಫಿಯ ಗಿಡಗಳು ಕೆಳಗಿನ ಹೊಳೆಯಲ್ಲಿ ತೇಲಿಹೋದವು. ಆರು ಜೀವಗಳು ಉಳಿದವು, ಅವರಲ್ಲಿ ಒಬ್ಬಳು ನನ್ನ ತರಗತಿಯ ವಿದ್ಯಾರ್ಥಿನಿ, ಎಂದು ಬರೆಯಬೇಕೆಂದರೆ ಅಜ್ಜಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಆಕೆ ಮೊದಲು ಹೊರಡಲು ಒಪ್ಪಿರಲಿಲ್ಲವಂತೆ.

ಕೆಲವು ತಿಂಗಳುಗಳ ಅನಂತರ ಅಜ್ಜ ಶಾಲೆಗೆ ಬಂದರು. ಅದೇ ಜಾಗದಲ್ಲಿ, ಹಿರಿಯರು ಕಟ್ಟಿದ ನೆಲೆಯಲ್ಲಿಯೇ ಮತ್ತೆ ಮನೆ ಕಟ್ಟಬೇಕೆಂಬುದು ಅವರ ಹಂಬಲ. ನನ್ನ ಬಳಿ ಆ ಪ್ರದೇಶದ ಎರಡು ಉಪಗ್ರಹ ಚಿತ್ರಗಳಿದ್ದವು. ಒಂದು ಕುಸಿತಕ್ಕೆ ಮೊದಲಿನದು, ಇನ್ನೊಂದು ಅನಂತರದ್ದು. ಎರಡನೆಯದರಲ್ಲಿ ಹಸಿರು ಬೆಟ್ಟಗಳ ಮೈಮೇಲೆ ಉಗುರಿನಿಂದ ಗೀರಿದಂತೆ ಕೆಂಪು ಗೆರೆಗಳು. ಅಜ್ಜ ತಮ್ಮ ಹೊಳೆಯನ್ನು ಗುರುತಿಸಿದರು. ಹೊಳೆಯಿಂದ ಗದ್ದೆಯನ್ನು, ಗದ್ದೆಯಿಂದ ಮನೆಯಿದ್ದ ಜಾಗವನ್ನು ಹಿಡಿದರು. ಮನೆಯಿದ್ದುದು ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿ. ಮೇಲಿನ ಬೆಟ್ಟದ ನೀರೆಲ್ಲ ಬಂದು ಕೂಡುವ ಬಾಯಿಯಲ್ಲಿ. ಅದೇ ತಗ್ಗಿನ ಮೇಲ್ಭಾಗದಲ್ಲಿ, ಈಗಿನ ಕುಸಿತಕ್ಕೆ ಸ್ವಲ್ಪ ಪಕ್ಕದಲ್ಲಿ, ಹಿಂದೆಂದೋ ಜರಿದು ಕಾಡು ಮುಚ್ಚಿದ ಅರ್ಧಚಂದ್ರಾಕಾರದ ಇನ್ನೊಂದು ಕಚ್ಚು ಮಸುಕಾಗಿ ಕಾಣುತ್ತಿತ್ತು. ಮಂಗಳನ ಗೋಡೆಯಲ್ಲಿ ಅವರು ಬೆರಳಿಟ್ಟು ತೋರಿಸಿದ್ದಂತಹುದೇ ಆಕಾರ. ಅಜ್ಜ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಎಪ್ಪತ್ತು ವರ್ಷ ಈ ಬೆಟ್ಟದ ಮೇಲೆಯೇ ಇದ್ದೆ ಮೇಷ್ಟ್ರೇ. ಇದರ ಆಕಾರವನ್ನು ಇವತ್ತು ನೋಡಿದೆ" ಎಂದರು. ಹೊಸ ಮನೆ ಎದುರಿನ ದಿಣ್ಣೆಯ ಹೆಗಲ ಮೇಲೆ ಎದ್ದಿತು. ಒರತೆಯ ನೀರನ್ನು ಈಗ ದೂರದಿಂದ ಹೊತ್ತು ತರಬೇಕು. ಆದರೆ ರಾತ್ರಿಯ ಮಳೆಗೆ ಎದ್ದು ಕೂರಬೇಕಾಗಿಲ್ಲ.

ಇಲ್ಲಿ ಒಂದು ತೊಡಕಿದೆ. ಬೆಟ್ಟಗಳು ಕುಸಿಯುವುದು ಮುಂಗಾರಿನಲ್ಲಿ. ಆಗ ಆಕಾಶದ ತುಂಬ ಮೋಡ. ಸಾಮಾನ್ಯ ಕ್ಯಾಮೆರಾ ಮೋಡದಾಚೆಗೆ ನೋಡಲಾರದು. ಇದಕ್ಕೆ ಪರಿಹಾರವನ್ನು ತೋರಿಸಿದ ಉದಾಹರಣೆಗಳಲ್ಲಿ ಇನ್ನೊಂದು ಗ್ರಹವೂ ಸೇರಿದೆ. ಶುಕ್ರಗ್ರಹವನ್ನು ದಟ್ಟವಾದ ಮೋಡಗಳು ಸದಾಕಾಲ ಮುಚ್ಚಿರುತ್ತವೆ. 1990ರಿಂದ 1994ರವರೆಗೆ ಅದನ್ನು ಸುತ್ತಿದ ಮೆಗೆಲಾನ್ ನೌಕೆಯು ರೇಡಾರ್ ಅಲೆಗಳನ್ನು ಮೋಡದ ಮೂಲಕ ಕಳುಹಿಸಿ, ಮರಳಿ ಬಂದ ಅಲೆಗಳಿಂದ ಆ ಗ್ರಹದ ಮೇಲ್ಮೈಯ ಶೇಕಡ 98ರಷ್ಟನ್ನು ಚಿತ್ರಿಸಿತು. ಸುಮಾರು 8 ಕಿಲೋಮೀಟರ್ ಎತ್ತರದ ಮಾಟ್ ಮಾನ್ಸ್ ಎಂಬ ಜ್ವಾಲಾಮುಖಿಯ ಸ್ಪಷ್ಟ ರೂಪ ದೊರೆತದ್ದು ಹೀಗೆ. ಅದೇ ತತ್ತ್ವದ ರೇಡಾರನ್ನು ಹೊತ್ತ ನಮ್ಮ ದೇಶದ ಉಪಗ್ರಹಗಳು ಮುಂಗಾರಿನ ಮೋಡದ ಕೆಳಗಿನ ನೆಲವನ್ನು ನೋಡುತ್ತವೆ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಮೇಲೇರಿದ ನಿಸಾರ್ ಉಪಗ್ರಹವನ್ನು ಭಾರತ ಮತ್ತು ಅಮೆರಿಕಗಳು ಜೊತೆಗೂಡಿ ನಿರ್ಮಿಸಿದುವು. 12 ದಿನಗಳಿಗೊಮ್ಮೆ ಅದೇ ಹಾದಿಗೆ ಮರಳಿ, ನೆಲವು ಕೆಲವೇ ಸೆಂಟಿಮೀಟರಿನಷ್ಟು ಸರಿದಿದ್ದರೂ ಅದನ್ನು ಅಳೆಯುವಂತೆ ಅದನ್ನು ರೂಪಿಸಲಾಗಿದೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು 2023ರಲ್ಲಿ ಹೊರತಂದ ಭೂಕುಸಿತಗಳ ನಕ್ಷಾಸಂಪುಟದಲ್ಲಿ 1998ರಿಂದ 2022ರವರೆಗಿನ ಸುಮಾರು 80,000 ಕುಸಿತಗಳ ಗುರುತುಗಳಿವೆ. ಕೊಡಗಿನ ಗಾಯಗಳೂ ಅದರಲ್ಲಿವೆ.

ಹಾಗೆಂದು ಉಪಗ್ರಹವೊಂದೇ ನಮ್ಮನ್ನು ಕಾಯುತ್ತದೆಂದು ಭಾವಿಸುವುದು ಸರಿಯಲ್ಲ. ಅಜ್ಜನ ಮನೆಯವರನ್ನು ಆ ದಿನ ಉಳಿಸಿದ್ದು ಒರತೆಯ ನೀರಿನ ಬಣ್ಣ. ಅದನ್ನು ಕಾಣಬಲ್ಲ ಕಣ್ಣು ಕಕ್ಷೆಯಲ್ಲಿರಲಿಲ್ಲ, ಮನೆಯ ಹಿತ್ತಿಲಿನಲ್ಲಿತ್ತು. ಮನೆಯನ್ನು ಮುಂದೆ ಎಲ್ಲಿ ಕಟ್ಟಬೇಕೆಂಬುದನ್ನು ತಿಳಿಸಿದ್ದು ಮಾತ್ರ ಮೇಲಿನ ಕಣ್ಣು. ಹತ್ತಿರದಿಂದ ನೋಡುವವನಿಗೆ ಇಂದಿನ ಅಪಾಯದ ಸುಳಿವು ಸಿಗುತ್ತದೆ. ದೂರದಿಂದ ನೋಡುವವನಿಗೆ ಅಪಾಯದ ನೆಲೆ ತಿಳಿಯುತ್ತದೆ. ಬೆಟ್ಟದಲ್ಲಿ ಬಾಳುವವರಿಗೆ ಈ ಎರಡು ನೋಟಗಳೂ ಬೇಕು.

ಮಂಗಳನ ಮಹಾಗಿರಿಯನ್ನು ಕಂಡು ನಮ್ಮ ಬೆಟ್ಟಗಳನ್ನು ಹಗುರವಾಗಿ ಎಣಿಸಬೇಕಾಗಿಲ್ಲ. ಅಲ್ಲಿ ನೆಲ ಸರಿಯುವುದಿಲ್ಲ, ಮಳೆ ಸುರಿಯುವುದಿಲ್ಲ, ಹೊಳೆ ಹರಿಯುವುದಿಲ್ಲ. ಆದುದರಿಂದ ಆ ಗಿರಿ ಅಷ್ಟೆತ್ತರವಾಗಿ, ನಿರ್ಜನವಾಗಿ ನಿಂತಿದೆ. ನಮ್ಮ ಸಹ್ಯಾದ್ರಿ ಸವೆಯುತ್ತಿರುವ ಬೆಟ್ಟ. ಅದು ಸವೆದು ಕೊಟ್ಟ ಮಣ್ಣಿನಲ್ಲಿಯೇ ನಮ್ಮ ಗದ್ದೆಯಿದೆ. ಅದು ತಡೆದ ಮೋಡದಿಂದಲೇ ಕಾವೇರಿಯಿದ್ದಾಳೆ. ಸವೆಯುವ ಬೆಟ್ಟ ಕೆಲವೊಮ್ಮೆ ಕುಸಿಯುವುದೂ ಸಹಜ. ಎಲ್ಲಿ ಕುಸಿದೀತು, ಯಾವಾಗ ಕುಸಿದೀತು ಎಂಬುದನ್ನು ಓದಿ ತಿಳಿದು ನಡೆಯುವ ಹೊಣೆ ಮಾತ್ರ ನಮ್ಮದು. ವಿದ್ಯಾರ್ಥಿಗಳೇ, ಈ ಪಾಠವನ್ನು ಓದಿದ ಮೇಲೆ ನಿಮ್ಮ ಶಾಲೆಯ ಹಿಂದಿನ ದಿಣ್ಣೆಯನ್ನು ಒಮ್ಮೆ ಕಣ್ಣಿಟ್ಟು ನೋಡಿರಿ. ಅದರ ನೀರು ಯಾವ ಕಡೆಗೆ ಇಳಿಯುತ್ತದೆ, ಅದರ ಮರಗಳು ನೆಟ್ಟಗಿವೆಯೇ ವಾಲಿವೆಯೇ, ಅದರ ಬುಡವನ್ನು ಯಾರಾದರೂ ಕಡಿದಿದ್ದಾರೆಯೇ ಎಂದು ವಿಚಾರಿಸಿರಿ. ಒಂದು ಗ್ರಹವನ್ನು ಓದಲು ವಿಜ್ಞಾನಿಗಳು ಕೇಳಿಕೊಂಡ ಪ್ರಶ್ನೆಗಳೂ ಇಂತಹವೇ.